ಎಂಟನೆಯ ಸದ್ದು

ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ದೇವಸ್ಥಾನದ ಗೋಡೆಯ ಮೇಲೆ ಸಾಲಾಗಿ ಹೊರಟ ಕಲ್ಲಿನ ಕುದುರೆ ಸವಾರರನ್ನು ಕತ್ತು ನೋಯುವ ತನಕ ನೋಡುತ್ತಾರೆ. ಇವನು ಯಾವ ಯುದ್ಧಕ್ಕೆ ಹೋದ, ಅವನು ಯಾರನ್ನು ಗೆದ್ದ ಎಂದು ಗೈಡುಗಳ ಪ್ರಾಣ ಹಿಂಡುತ್ತಾರೆ. ನೋಡಲಿ, ಬೇಡ ಅಂದವರಾರು? ಆದರೆ ಅಲ್ಲಿಂದ ಅಷ್ಟು ದೂರವೇನಿಲ್ಲದ ಮಾದಿಹಳ್ಳಿಯ ಸ್ಟಾಪಿನಲ್ಲಿ ಒಬ್ಬ ಜೀವಂತ ಸಿಪಾಯಿ ತಗಡಿನ ಟ್ರಂಕು ಹೊತ್ತು ಬಸ್ಸಿಳಿದಾಗ, ನೀನು ಯಾವ ಯುದ್ಧದಿಂದ ಬಂದೆಯಪ್ಪ ಎಂದು ಕೇಳಿದ ಒಂದು ನರಪಿಳ್ಳೆಯೂ ಇರಲಿಲ್ಲ. ಕೇಳಿದ್ದರೂ ಭೀಮರಾಜ ಹೇಳುತ್ತಿರಲಿಲ್ಲ, ಆ ಮಾತು ಬೇರೆ.

ಅದು ತೊಂಬತ್ತೊಂದನೆಯ ಇಸವಿ. ಭೀಮರಾಜನಿಗೆ ಆಗ ಮೂವತ್ತನಾಲ್ಕು ವರ್ಷ. ಸೈನ್ಯದ ಸ್ಯಾಪರ್ ಪಡೆಯಲ್ಲಿ ಹದಿನೈದು ವರ್ಷ ದುಡಿದು ಪೆನ್ಷನ್ ಮೇಲೆ ಬಂದಿದ್ದ. ಸ್ಯಾಪರ್ ಅಂದರೆ ಬಂದೂಕು ಹಿಡಿದು ಓಡುವವನಿಗಿಂತ ಮೊದಲು ಹೋಗಿ ಸೇತುವೆ ಕಟ್ಟುವವನು, ಬಂಡೆ ಸಿಡಿಸುವವನು, ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆಯುವವನು. ಹಿಂದೆ ಬರುವವರು ಕಾಲಿಡುವುದು ಅವನ ಮಾತಿನ ಮೇಲೆ.

ಅವನ ಅಪ್ಪ ದ್ಯಾವಯ್ಯ ಊರ ಕೆರೆಯ ನೀರುಗಂಟಿಯಾಗಿದ್ದವನು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಊರಿನ ಎಲ್ಲ ಗದ್ದೆಗೂ ದ್ಯಾವಯ್ಯ ಬಿಟ್ಟ ನೀರೇ ಹರಿಯಬೇಕು, ಆದರೆ ದ್ಯಾವಯ್ಯ ಮಾತ್ರ ಯಾರ ಜಗಲಿಯನ್ನೂ ಹತ್ತುವ ಹಾಗಿಲ್ಲ. ಎಂಥ ನ್ಯಾಯ ನೋಡಿ. ತೆಂಗಿನ ತೋಟದ ಯಜಮಾನ ರೇವಣಸಿದ್ದಪ್ಪನವರ ಅಂಗಳದಲ್ಲಿ 'ಲೇ ದ್ಯಾವ' ಎಂದು ಕರೆಸಿಕೊಂಡು, ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತೇ ಅವನ ಆಯಸ್ಸು ಕಳೆಯಿತು. ಮಗ ಸೈನ್ಯದಲ್ಲಿದ್ದಾಗಲೇ ತೀರಿಕೊಂಡ.

ಭೀಮರಾಜ ಊರಿಗೆ ಬಂದ ವಾರದಲ್ಲೇ ಅದೇ ರೇವಣಸಿದ್ದಪ್ಪನವರು ಅದೇ ಜಗಲಿಯ ಮೇಲೆ ಕುರ್ಚಿ ಹಾಕಿಸಿ, 'ಬಾ ಭೀಮಣ್ಣ, ಕೂತ್ಕೊ' ಅಂದರು. ಕುರ್ಚಿಯ ಅಂಚಿಗೆ ಕೂತು ಕಾಫಿ ಕುಡಿದು ಬಂದ ಭೀಮರಾಜ, ಹೆಂಡತಿ ಮೀನಾಕ್ಷಿಗೆ ಅದನ್ನೇ ಮೂರು ಸಲ ಹೇಳಿದ. ಮೂರನೆಯ ಸಲ ಹೇಳುವಾಗ ಅಪ್ಪ ಇರಬೇಕಿತ್ತು ಅಂದ.

ಇನ್ನು ಅವನು ಹೇಳದೆ ಉಳಿಸಿಕೊಂಡದ್ದು. ಎಪ್ಪತ್ತಾರರಲ್ಲಿ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಸೈನ್ಯಕ್ಕೆ ಸೇರಲು ಹೊರಟಾಗ ಅವನ ಪಕ್ಕದಲ್ಲಿ ಕಡೂರಿನ ಕರಿಬಸವಯ್ಯ ಎಂಬವನು ಕೂತಿದ್ದ. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ತಿಂದರು, ಒಂದೇ ಕಂಪನಿಗೆ ಸೇರಿದರು. ಎಂಬತ್ತೇಳರ ಕೊನೆಯಲ್ಲಿ ಇಬ್ಬರನ್ನೂ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಕಳಿಸಿದರು. ಅಲ್ಲಿ ಭೀಮರಾಜನ ಕೆಲಸ ಹೊಟ್ಟೆಯ ಮೇಲೆ ಮಲಗಿ ತೆವಳುತ್ತಾ, ಕಬ್ಬಿಣದ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ ಮೈನು ಹುಡುಕುವುದು. ಒಂದು ದಾರಿ ಮುಗಿದರೆ ಎದ್ದು ನಿಂತು 'ಸಾಫ್', ಅಂದರೆ ದಾರಿ ಚೊಕ್ಕ, ಎನ್ನಬೇಕು. ಒಂದು ಬೆಳಿಗ್ಗೆ ತಾಳೆಮರಗಳ ನಡುವಿನ ಕಾಲುದಾರಿಯನ್ನು ಅವನು ಹೀಗೆ ಚುಚ್ಚಿ ಮುಗಿಸಿದ. ಬೆನ್ನು ಬಿದ್ದುಹೋಗಿತ್ತು, ಬಾಯಾರಿತ್ತು. ಕೊನೆಯ ನಾಲ್ಕು ಮಾರು ಜಾಗಕ್ಕೆ ತೆವಳದೆ, ಇದ್ದಲ್ಲಿಂದಲೇ ಕೈಗೆಟುಕಿದಷ್ಟು ಚುಚ್ಚಿ ಬಿಟ್ಟ. ಎದ್ದು 'ಸಾಫ್' ಅಂದ. ಕರಿಬಸವಯ್ಯ ನಗುತ್ತಾ ಅವನನ್ನು ದಾಟಿ ಮುಂದೆ ಹೋದ, ಹತ್ತು ಹೆಜ್ಜೆ ಇಡಲಿಲ್ಲ.

ಕರಿಬಸವಯ್ಯನ ಪ್ರಾಣ ತೆಗೆದ ಆ ಸಿಡಿತದಲ್ಲಿ ಭೀಮರಾಜನ ಎಡಗಿವಿಯಿಂದ ರಕ್ತ ಬಂತು, ಆಮೇಲೆ ಆ ಕಿವಿಗೆ ಏನೂ ಕೇಳಿಸಲಿಲ್ಲ. ಸುತ್ತಲೂ ಗುಂಡು ಹಾರುತ್ತಿದ್ದ ಆ ಗದ್ದಲದಲ್ಲಿ ದಾರಿ ಚುಚ್ಚಿದವನು ಯಾರೆಂದು ಯಾರೂ ಕೇಳಲಿಲ್ಲ. ಕಿವಿ ತೋರಿಸಲು ಡಾಕ್ಟರ ಹತ್ತಿರ ಹೋದರೆ ಕೇಳುತ್ತಿದ್ದರು. ಎಲ್ಲಿ ನಿಂತಿದ್ದೆ, ಏನು ಮಾಡುತ್ತಿದ್ದೆ ಎಂದು ಕಾಗದದ ಮೇಲೆ ಬರೆಯುತ್ತಿದ್ದರು. ಅವನು ಕಿವಿಗೆ ಹತ್ತಿ ತುರುಕಿ ಟೋಪಿ ಎಳೆದುಕೊಂಡ. ಬಿಡುಗಡೆಯ ವೇಳೆಯ ಪರೀಕ್ಷೆಯಲ್ಲೂ ಡಾಕ್ಟರ ತುಟಿ ನೋಡಿಕೊಂಡು ಉತ್ತರ ಕೊಟ್ಟು ಪಾಸಾದ. ಕಿವಿಯ ಕಥೆ ಹೇಳಿದರೆ ಕರಿಬಸವಯ್ಯನ ಕಥೆ ಹೇಳಬೇಕು, ಅದಕ್ಕೇ ಎರಡನ್ನೂ ಒಟ್ಟಿಗೇ ಹೂತುಬಿಟ್ಟ.

ಊರಿನಲ್ಲಿ ಸಿಪಾಯಿಗೆ ಕೆಲಸ ಹುಡುಕಿಕೊಂಡೇ ಬಂತು. ಬೋರ್‌ವೆಲ್ಲು ಇನ್ನೂ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ತೋಟದವರು ತೆರೆದ ಬಾವಿಯನ್ನೇ ಆಳ ಮಾಡಿಸುತ್ತಿದ್ದರು, ಕೆಳಗೆ ಬಂಡೆ ಸಿಕ್ಕಿದರೆ ಸಿಡಿಮದ್ದು ಇಡಲೇಬೇಕು. ಅರಸೀಕೆರೆಯ ಲೈಸೆನ್ಸುದಾರರೊಬ್ಬರ ಕೈಕೆಳಗೆ ಭೀಮರಾಜ ಆ ಕೆಲಸಕ್ಕೆ ಸೇರಿದ. ಜೊತೆಗೆ ಬಂದವನು ಅದೇ ಊರಿನ ಜವರಪ್ಪ. ವಯಸ್ಸಿನಲ್ಲಿ ಐದಾರು ವರ್ಷ ಚಿಕ್ಕವನು, ಬಂಡೆಗೆ ತೂತು ಕೊರೆಯುವುದರಲ್ಲಿ ಎತ್ತಿದ ಕೈ. ಭೀಮಣ್ಣ ಅಂದರೆ ಅವನಿಗೆ ಪ್ರಾಣ. ಭೀಮಣ್ಣ ಹಂಗಂದ, ಭೀಮಣ್ಣ ಹಿಂಗಂದ ಎಂದು ಹೆಂಡತಿ ಹನುಮಮ್ಮನ ತಲೆ ತಿನ್ನುತ್ತಿದ್ದ.

ಬಾವಿಗೆ ಮದ್ದು ಇಡುವ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಬಂಡೆಯಲ್ಲಿ ಎಂಟು ತೂತು ಕೊರೆದು ಮದ್ದು ತುಂಬಿದರೆ, ಎಂಟು ಬತ್ತಿಗಳನ್ನೂ ಒಂದಕ್ಕಿಂತ ಒಂದು ಗೇಣುದ್ದ ಹೆಚ್ಚು ಇರುವಂತೆ ಕತ್ತರಿಸುತ್ತಾರೆ. ಒಂದಾದ ಮೇಲೆ ಒಂದು ಸಿಡಿಯಲಿ ಎಂದು, ಎಣಿಸಲು ಬರಲಿ ಎಂದು. ಹಚ್ಚಿ ಮೇಲೆ ಓಡಿ ಬಂದು ಕಿವಿಗೊಟ್ಟು ಎಣಿಸಬೇಕು. ಎಂಟು ಸದ್ದಾದರೆ ಸರಿ. ಏಳೇ ಕೇಳಿಸಿದರೆ ಒಂದು ಮದ್ದು ಸಿಡಿಯದೆ ಕಲ್ಲಿನಡಿ ಕೂತಿದೆ ಎಂದು ಅರ್ಥ, ಅವತ್ತು ಯಾರೂ ಬಾವಿಗೆ ಇಳಿಯಕೂಡದು. ಇಡೀ ಕೆಲಸ ನಿಂತಿರುವುದು ಒಬ್ಬನ ಎಣಿಕೆಯ ಮೇಲೆ. ಮಾದಿಹಳ್ಳಿ ಸುತ್ತಮುತ್ತ ಹತ್ತು ವರ್ಷ ಆ ಒಬ್ಬ ಭೀಮರಾಜನಾಗಿದ್ದ.

ಬತ್ತಿ ಹಚ್ಚಿದ ಮೇಲೆ ಅವನು 'ಓಡ್ರೋ' ಎಂದು ಕೂಗಿದರೆ ಪಂಚೆ ಎತ್ತಿ ಓಡದವರಿಲ್ಲ. ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿದವರೆಲ್ಲ ಮಗನ ಒಂದು ಕೂಗಿಗೆ ಮರದ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅವನು ಎಣಿಸಿ ಮುಗಿಸಿ 'ಸಾಫ್' ಅನ್ನುವ ತನಕ ಒಬ್ಬರೂ ಏಳುತ್ತಿರಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಆ ಗಳಿಗೆಗಾಗಿಯೇ ಅವನು ಬದುಕುತ್ತಿದ್ದ.

ಆದರೆ ಮದ್ದಿನ ಹತ್ತಿರ ವರ್ಷಗಟ್ಟಲೆ ನಿಂತರೆ ಉಳಿದೊಂದು ಕಿವಿ ಏನಾದೀತು? ತೊಂಬತ್ತಾರರ ಹೊತ್ತಿಗೆ ಬಲಗಿವಿಯೂ ಮಂದವಾಯಿತು. ಹತ್ತಿರ ನಿಂತು ಜೋರಾಗಿ ಅಂದರೆ ಕೇಳುತ್ತಿತ್ತು. ಬಾವಿಯ ಆಳದಲ್ಲಾಗುವ ಸದ್ದು ಒಮ್ಮೆ ಸಿಕ್ಕಿದರೆ ಒಮ್ಮೆ ಸಿಕ್ಕುತ್ತಿರಲಿಲ್ಲ. ಆಗ ಅವನು ಒಂದು ಉಪಾಯ ಹೂಡಿದ. ಬಾವಿಯ ಹತ್ತಿರ ಬರಿಯ ಬಂಡೆ ಎಲ್ಲಿದೆಯೋ ನೋಡಿ, ಚಪ್ಪಲಿ ಕಳಚಿ ಅದರ ಮೇಲೆ ನಿಂತುಕೊಂಡ. ಒಂದೊಂದು ಸಿಡಿತಕ್ಕೂ ಬಂಡೆ ಅಂಗಾಲಿಗೆ ಗುದ್ದುತ್ತಿತ್ತು. ಕಿವಿ ಬಿಟ್ಟು ಕಾಲಲ್ಲಿ ಎಣಿಸತೊಡಗಿದ.

ಇದನ್ನು ನೋಡಿದ ಜನ ಏನು ತಿಳಿದರು ಗೊತ್ತೇ? ಮಿಲಿಟರಿ ಭೀಮಣ್ಣ ಗಂಗಮ್ಮನಿಗೆ ಮರ್ಯಾದೆ ಕೊಟ್ಟು ಚಪ್ಪಲಿ ಬಿಡುತ್ತಾನೆ ಎಂದು ತಿಳಿದರು. ಮುಂದಿನ ಬಾವಿಯಲ್ಲಿ ಜವರಪ್ಪನೂ ಬಿಟ್ಟ. ಅದರ ಮುಂದಿನದರಲ್ಲಿ ತೋಟದ ಯಜಮಾನರೂ ಬಿಟ್ಟರು. ಎರಡು ವರ್ಷದಲ್ಲಿ ಆ ಕಡೆಯ ಯಾವ ಬಾವಿಗೆ ಮದ್ದು ಇಟ್ಟರೂ ಊರಿಗೆ ಊರೇ ಬರಿಗಾಲಲ್ಲಿ ನಿಲ್ಲುವುದು ಪದ್ಧತಿಯಾಗಿಹೋಯಿತು. ಕಿವುಡನೊಬ್ಬನ ಕಳ್ಳ ಉಪಾಯಕ್ಕೆ ಜನ ಕೈ ಮುಗಿದರು. ಭೀಮರಾಜನಿಗೆ ನಗು ಬರಲಿಲ್ಲ, ಹೆದರಿಕೆಯಾಯಿತು.

ಮೀನಾಕ್ಷಿಗೆ ಗೊತ್ತಾದದ್ದು ಕುಕ್ಕರಿನಿಂದ. ಮೂರು ಸಲ ಕೂಗಿದ ಮೇಲೆ ಸ್ಟೌವ್ ಆರಿಸಿ ಎಂದು ಹೇಳಿ ಅವಳು ಹಾಲು ಹಾಕಲು ಡೈರಿಗೆ ಹೋಗಿದ್ದಳು. ಬರುವಾಗ ಕುಕ್ಕರು ಬೀದಿಯ ತುದಿಗೆ ಕೇಳುವ ಹಾಗೆ ಕೂಗುತ್ತಿತ್ತು, ಅನ್ನ ಸೀದು ಹೊಗೆಯಾಡುತ್ತಿತ್ತು, ಗಂಡ ಅದರ ಪಕ್ಕದಲ್ಲೇ ನಿಶ್ಚಿಂತೆಯಿಂದ ಪೇಪರು ಓದುತ್ತಿದ್ದ. ಅವಳು ಬೈಯಲಿಲ್ಲ. ಹಿಂದಿನಿಂದ ಮೆಲ್ಲಗೆ ಅವನ ಹೆಸರನ್ನೇ ಕರೆದಳು. ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಿಗೆ ತಂದವಳಲ್ಲ. ಅವನು ತಿರುಗಲಿಲ್ಲ.

ಅವತ್ತು ಅವನು ಎಲ್ಲವನ್ನೂ ಹೇಳಿದ, ಕರಿಬಸವಯ್ಯನನ್ನೂ ಸೇರಿಸಿ. ಅವಳು ಅವನ ಮುಖದ ಎದುರಿಗೆ ಬಂದು ಕೂತಳು.

"ಬಿಟ್ಬಿಡಿ ಈ ಕೆಲ್ಸಾನ. ಪೆನ್ಷನ್ ಬತ್ತೈತೆ, ಎರಡು ಹಸ ಅವೆ. ಕಿವಿ ಕೇಳಲ್ಲ ಅಂದ್ರೆ ಯಾರೇನ್ ನಿಮ್ಮ ತಲೆ ತೆಗೀತಾರಾ?"

"ತಲೆ ತೆಗೆಯಲ್ಲ ಕಣೇ," ಅಂದ ಭೀಮರಾಜ. "ಕುರ್ಚಿ ತೆಗೀತಾರೆ."

ದ್ಯಾವಯ್ಯ ಅಂಗಳದಲ್ಲಿ ನಿಂತದ್ದನ್ನು ಅವಳೂ ಕಂಡಿದ್ದಳು. ಕೊನೆಗೆ ತಾನೇ ಒಂದು ಷರತ್ತು ಹಾಕಿದಳು. ಮದ್ದು ಇಡುವ ದಿನ ಊಟ ತರುವ ನೆಪದಲ್ಲಿ ತಾನು ಬರುವುದು, ಅವನಿಗೆ ಕಾಣುವ ಕಡೆ ನಿಂತು ಎಣಿಸುವುದು, ಎಲ್ಲ ಸಿಡಿದಿದ್ದರೆ ತಲೆಯ ಮೇಲೆ ಸೆರಗು ಹೊದೆಯುವುದು. ತಾನಿಲ್ಲದ ದಿನ ಅವನು ಬತ್ತಿ ಹಚ್ಚಕೂಡದು. ಭೀಮರಾಜ ಒಪ್ಪಿದ, ನಾಲ್ಕು ವರ್ಷ ನಡೆಸಿಕೊಂಡೂ ಬಂದ. ಹೆಂಡತಿ ಸೆರಗು ಹೊದ್ದಳೆಂದರೆ ಅವನು 'ಸಾಫ್' ಅನ್ನುತ್ತಿದ್ದ. ಎಂಥ ಚಂದದ ಜೋಡಿ, ಮಧ್ಯಾಹ್ನದ ಬಿಸಿಲಲ್ಲಿ ಗಂಡನಿಗೆ ಬುತ್ತಿ ಹೊತ್ತು ಬರುತ್ತಾಳೆ ಎಂದು ಊರು ಮೆಚ್ಚಿಕೊಂಡಿತು.

ಎರಡು ಸಾವಿರದ ಒಂದನೆಯ ಇಸವಿಯ ಮೇ ತಿಂಗಳು. ರೇವಣಸಿದ್ದಪ್ಪನವರ ತೋಟದ ಬಾವಿ ಮುಗಿಯುವುದಕ್ಕೆ ಒಂದೇ ಸುತ್ತು ಮದ್ದು ಬಾಕಿ ಇತ್ತು. ಮೀನಾಕ್ಷಿ ತಂಗಿಯ ಹೆರಿಗೆಗೆಂದು ಅರಸೀಕೆರೆಗೆ ಹೋಗಿದ್ದಳು, ಬರಲು ಇನ್ನೂ ಮೂರು ದಿನ. ಹೋಗುವಾಗ ನಾನು ಬರೋವರ್ಗೂ ಬೆಂಕಿಕಡ್ಡಿ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದಳು. ಅವತ್ತೇ ಯಜಮಾನರ ಬೀಗರು ಊರಿಗೆ ಬಂದರು. ಅವರಿಗೆ ಮದ್ದು ಸಿಡಿಯುವುದನ್ನು ನೋಡಬೇಕಂತೆ, ಮಧ್ಯಾಹ್ನವೇ ಇಡಬೇಕಂತೆ ಎಂದು ಹೇಳಿಕಳಿಸಿದರು. ಮೂರು ದಿನ ತಡೆಯಿರಿ ಅಂದರೆ ಯಾಕೆ ಎಂದು ಕೇಳುತ್ತಾರೆ. ಹೆಂಡತಿ ಊರಲ್ಲಿಲ್ಲ ಎಂದು ಹೇಳಲಾದೀತೇ?

ಇನ್ನೊಂದು ಮುಳ್ಳೂ ಇತ್ತು. ಹಿಂದಿನ ತಿಂಗಳು ಹಳೇಬೀಡಿನ ಪೇಟೆಯಲ್ಲಿ ರೇವಣಸಿದ್ದಪ್ಪನವರು ಹಿಂದಿನಿಂದ ಮೂರು ಸಲ ಕರೆದರೂ ಭೀಮರಾಜ ತಿರುಗಿರಲಿಲ್ಲ. ಹೆಗಲು ಮುಟ್ಟಿ ನಿಲ್ಲಿಸಿ, ಕಿವಿ ಮಂದ ಆಯ್ತಾ ಭೀಮಣ್ಣ ಎಂದು ನಕ್ಕಿದ್ದರು. ಆ ನಗು ಮುಳ್ಳಾಗಿ ಅವನ ಎದೆಯಲ್ಲಿ ಮುರಿದುಕೊಂಡಿತ್ತು. ಈಗ ಬರುವುದಿಲ್ಲ ಅಂದರೆ ಆ ಅನುಮಾನ ಗಟ್ಟಿಯಾಗುತ್ತದೆ. ಹೋದ.

ಎಂಟು ತೂತು ಕೊರೆದಿದ್ದರು. ಭೀಮರಾಜ ಬೆಳಿಗ್ಗೆಯೇ ಬಾವಿಯ ಬಡಗಣ ಬದಿಯ ಬಂಡೆಯನ್ನು ನೋಡಿಟ್ಟುಕೊಂಡಿದ್ದ. ಬತ್ತಿ ಹಚ್ಚಿ ಮೆಟ್ಟಿಲು ಹತ್ತಿ ಬಂದು ಕೂಗಿ, ಅತ್ತ ಹೆಜ್ಜೆ ಹಾಕುವಷ್ಟರಲ್ಲಿ ರೇವಣಸಿದ್ದಪ್ಪನವರು ತೋಟದೊಳಗಿನಿಂದ ಕೈಬೀಸಿ ಕರೆದರು. ಬೀಗರ ಸಾಲಿನಲ್ಲಿ, ತಮ್ಮ ಪಕ್ಕಕ್ಕೇ, ಅವನಿಗೊಂದು ಕುರ್ಚಿ ಹಾಕಿಸಿದ್ದರು. ಬೀಗರೆಲ್ಲ ತಿರುಗಿ ನೋಡುತ್ತಿದ್ದರು. ಆ ಕುರ್ಚಿಯನ್ನು ಬೇಡ ಅನ್ನುವ ಶಕ್ತಿ ದ್ಯಾವಯ್ಯನ ಮಗನಿಗೆ ಇರಲಿಲ್ಲ. ಜವರಪ್ಪ ಎಂದಿನಂತೆ ಬಂಡೆಯ ಮೇಲೆ ಹೋಗಿ ನಿಂತ. ಭೀಮರಾಜ ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕೂತ. ಅವತ್ತು ಬೆಳಿಗ್ಗೆ ತಾನೇ ತೋಟಕ್ಕೆ ನೀರು ಹಾಯಿಸಿದ್ದರು, ಅಂಗಾಲಿನಡಿ ಮಣ್ಣು ಕೆಸರಾಗಿ ಮೆತ್ತಗಿತ್ತು.

ಮೊದಲ ನಾಲ್ಕು ತಿಳಿದವು. ಐದನೆಯದು ತಿಳಿಯಿತೋ ತಿಳಿದಂತಾಯಿತೋ. ಆರು. ಏಳು. ಆಮೇಲೆ ಏನೂ ಇಲ್ಲ. ಬೀಗರು ಚಪ್ಪಾಳೆ ತಟ್ಟಿದರು. ಭೀಮರಾಜ ಕಾದ, ಇನ್ನೂ ಕಾದ. ಕೆಸರಿನಲ್ಲಿ ಒಂದು ತಪ್ಪಿರಬಹುದು, ಎರಡು ಜೊತೆಗೇ ಸಿಡಿದಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಕಟ್ಟಳೆ ಅವನಿಗೆ ಗೊತ್ತಿರಲಿಲ್ಲವೇ? ಬೇರೆಯವರಿಗೆ ಕಲಿಸಿದವನೇ ಅವನು. ಅನುಮಾನ ಬಂತೆಂದರೆ ನಾಳೆಯ ತನಕ ಯಾರೂ ಇಳಿಯಕೂಡದು. ಅಷ್ಟರಲ್ಲಿ ರೇವಣಸಿದ್ದಪ್ಪನವರು ಅವನ ಮುಖದ ಮುಂದೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಎಷ್ಟಾಯ್ತು ಭೀಮಣ್ಣ?"

ಕಣ್ಣಲ್ಲಿ ಪೇಟೆಯ ಆ ನಗು ಇತ್ತು. ಏಳು ಅಂದರೆ, ಎಂಟಾಗಿದ್ದ ಪಕ್ಷದಲ್ಲಿ ಬೀಗರ ಮುಂದೆ ಮಾನ ಹೋಗುತ್ತದೆ. ಗೊತ್ತಾಗಲಿಲ್ಲ ಅಂದರೆ ಎಲ್ಲವೂ ಹೋಗುತ್ತದೆ.

"ಎಂಟು," ಅಂದ ಭೀಮರಾಜ. "ಸಾಫ್."

ರೇವಣಸಿದ್ದಪ್ಪನವರು ಅಲ್ಲಿಗೆ ಬಿಡಲಿಲ್ಲ. ಬಂಡೆಯಿಂದ ಇಳಿದು ಬರುತ್ತಿದ್ದ ಜವರಪ್ಪನನ್ನು ನಿಲ್ಲಿಸಿ, ಭೀಮಣ್ಣ ಎಂಟು ಅಂತಾನೆ, ಹೌದೇನ್ಲಾ ಎಂದು ಕೇಳಿದರು. ಜವರಪ್ಪ ಒಂದು ಗಳಿಗೆ ಭೀಮರಾಜನ ಮುಖ ನೋಡಿದ. ಆಮೇಲೆ ಹೂಂ, ಎಂಟು ಅಂದ. ಭೀಮರಾಜ ಅದನ್ನು ಅವನ ತುಟಿಯ ಮೇಲೆ ಕಂಡ. ಅಬ್ಬ, ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಎರಡು ಕಿವಿಯೂ ನೆಟ್ಟಗಿರುವ ಜವರನೇ ಎಂಟು ಅಂದಮೇಲೆ ಇನ್ನೇನು?

ಅರ್ಧ ಗಂಟೆ ಬಿಟ್ಟು ಭೀಮರಾಜ ತಾನೇ ಮೊದಲು ಇಳಿದ, ಅದೂ ಅವನ ಪದ್ಧತಿಯೇ. ಕಲ್ಲಿನ ರಾಶಿಯಡಿ ಕೈಲಾದಷ್ಟು ಕೆದಕಿ ನೋಡಿದ, ಏನೂ ಕಾಣಲಿಲ್ಲ. ಜವರಪ್ಪ ಇಳಿದು ಬಂದ. ಒಬ್ಬರು ಕಲ್ಲು ಮೀಟುವುದು, ಒಬ್ಬರು ಮೇಲಕ್ಕೆ ಎಳೆಯುವ ಬುಟ್ಟಿಗೆ ತುಂಬುವುದು. ಬುಟ್ಟಿ ಸಿಕ್ಕಿಕೊಂಡಿತೆಂದು ಭೀಮರಾಜ ನಾಲ್ಕು ಮೆಟ್ಟಿಲು ಹತ್ತಿ ಹಗ್ಗ ಬಿಡಿಸುತ್ತಿದ್ದಾಗ ಜವರಪ್ಪನ ಹಾರೆ ಆ ಮೂಲೆಯ ಕಲ್ಲಿಗೆ ಬಿತ್ತು. ಆ ಸದ್ದು ಮಾತ್ರ ಭೀಮರಾಜನಿಗೆ ಚೆನ್ನಾಗಿ ಕೇಳಿಸಿತು.

ಜೀವ ಉಳಿಯಿತು. ಹಾಸನದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ ಎದ್ದ ಜವರಪ್ಪನಿಗೆ ಎರಡೂ ಕಣ್ಣು ಹೋಗಿದ್ದವು. ಪೊಲೀಸರು ಬಂದು ಬರೆದುಕೊಂಡರು. ಭೀಮರಾಜ ಎಂಟು ಎಂದು ಹೇಳಿದ. ಮುಖಕ್ಕೆಲ್ಲ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ ಜವರಪ್ಪನೂ ಎಂಟೇ ಎಂದು ಹೇಳಿದ. ಒಂದು ತೂತಿನ ತಳದಲ್ಲಿ ಚೂರು ಮದ್ದು ಉಳಿದಿರಬೇಕು, ದೈವದ ಆಟ, ಆಕಸ್ಮಿಕ ಎಂದು ಮುಗಿಯಿತು. ಈ ಸಲವೂ ಯಾರೂ ಭೀಮರಾಜನನ್ನು ಬೇರೆ ಏನನ್ನೂ ಕೇಳಲಿಲ್ಲ.

ಮೀನಾಕ್ಷಿ ಕೇಳಿದಳು. ನಿಮಗೆ ಎಷ್ಟು ತಿಳೀತು, ನಿಜ ಹೇಳಿ ಅಂದಳು. ಅವನು ಏಳು ಅಂದ, ಆದರೆ ಜವರನೂ ಎಂಟು ಅಂದ ಎಂದು ಸೇರಿಸಿದ. ಅವಳು ಹಣೆ ಚಚ್ಚಿಕೊಂಡು ಅತ್ತಳು. ಮೊದಲು ಅವನನ್ನು ಬೈದಳು, ಆಮೇಲೆ ನಾಲ್ಕು ವರ್ಷ ಸೆರಗು ಹೊದ್ದು ಅವನ ಸುಳ್ಳಿಗೆ ಹೆಗಲು ಕೊಟ್ಟ ತನ್ನನ್ನೇ ಬೈದುಕೊಂಡಳು.

ಭೀಮರಾಜ ಆ ಕೆಲಸ ಬಿಟ್ಟ. ಗೆಳೆಯನಿಗೆ ಹೀಗಾದ ಮೇಲೆ ಮದ್ದು ಮುಟ್ಟುವುದಿಲ್ಲವಂತೆ, ಎಂಥ ದೊಡ್ಡ ಮನಸ್ಸು ಎಂದು ಜನ ಇನ್ನೂ ಒಂದು ಗೇಣು ಮೇಲಕ್ಕೆ ಎತ್ತಿ ಕೂರಿಸಿದರು. ಅವನಿಗೆ ಬೆಂಕಿಯ ಮೇಲೆ ಕೂತಂತಾಯಿತು. ಜವರಪ್ಪನನ್ನು ಹನುಮಮ್ಮ ತನ್ನ ತವರು ಹಾರನಹಳ್ಳಿಗೆ ಕರೆದುಕೊಂಡು ಹೋಗಿದ್ದಳು. ಭೀಮರಾಜ ಅತ್ತ ತಲೆ ಹಾಕಲಿಲ್ಲ. ಮೀನಾಕ್ಷಿ ಮಾತ್ರ ಆಗಾಗ ರಾಗಿಯ ಚೀಲವನ್ನೋ ತುಪ್ಪದ ಡಬ್ಬಿಯನ್ನೋ ಹೊತ್ತು ಹೋಗಿ ಬರುತ್ತಿದ್ದಳು. ಬಂದು, ಅವನು ಮೂಲೆ ಬಿಟ್ಟು ಏಳಲ್ಲ, ಹೊಸಲು ದಾಟಲ್ಲ, ಕಣ್ಣಿಲ್ಲದೋರು ಎಷ್ಟು ಜನ ಕೋಲು ಹಿಡಿದು ಓಡಾಡಲ್ಲ, ಇವನಿಗೆ ಏನಾಯ್ತೋ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಭೀಮರಾಜ ಕೇಳಿಸದವನಂತೆ ಎದ್ದು ಹೋಗುತ್ತಿದ್ದ. ಜವರನೂ ಎಂಟು ಅಂದನಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡು ಎರಡು ವರ್ಷ ದೂಡಿದ.

ಎರಡು ಸಾವಿರದ ಮೂರರಲ್ಲಿ ಹಳೇಬೀಡಿನ ಬಸದಿಗಳ ಹತ್ತಿರದ ಪದ್ಮರಾಜ ಮೇಷ್ಟ್ರು ಮನೆಗೆ ಬಂದರು. ನಿವೃತ್ತರಾದ ಮೇಲೆ ಅವರಿಗೊಂದು ಹುಚ್ಚು ಹಿಡಿದಿತ್ತು. ಯಾರೂ ಹೆಸರು ಕೇಳದ ಈ ಸೀಮೆಯ ಸಿಪಾಯಿಗಳನ್ನು ಹುಡುಕಿ ಒಬ್ಬೊಬ್ಬರ ಬದುಕನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅರಸರದ್ದು ಕಲ್ಲಿನ ಮೇಲಿದೆ, ನಿಮ್ಮದು ಕಾಗದದ ಮೇಲಾದರೂ ಇರಲಿ ಅಂದರು. ಊರವರನ್ನು ಕೇಳಿ ಅರ್ಧ ಆಗಲೇ ಬರೆದುಕೊಂಡು ಬಂದಿದ್ದರು, ಓದಿ ನೋಡಿ ಎಂದು ಕೊಟ್ಟರು. ದುಂಡು ಅಕ್ಷರ. ಜಾಫ್ನಾದಲ್ಲಿ ಎಷ್ಟೋ ಜನರ ದಾರಿ ಸುಗಮ ಮಾಡಿದ ಧೀರ ಎಂದು ಇತ್ತು. ಬರಿಗಾಲಿನಲ್ಲಿ ನಿಂತು ಭೂಮಿಗೆ ನಮಿಸುತ್ತಿದ್ದರು ಎಂದು ಇತ್ತು. ಹತ್ತು ವರ್ಷದಲ್ಲಿ ಇವರ ಎಣಿಕೆ ಒಮ್ಮೆಯೂ ತಪ್ಪಿದ್ದಿಲ್ಲ ಎಂದೂ ಇತ್ತು.

ಭೀಮರಾಜ ಆ ಸಾಲಿನ ಮೇಲೆ ಬೆರಳಿಟ್ಟು ಕೂತುಬಿಟ್ಟ. ಇನ್ನು ಇದು ತಾನು ಸತ್ತ ಮೇಲೂ ಉಳಿಯುತ್ತದೆ ಅನ್ನಿಸಿತು. ಇದನ್ನು ಹೊಡೆದುಹಾಕಿ ಮೇಷ್ಟ್ರೇ ಅಂದ. ಅವರು ಕಣ್ಣರಳಿಸಿ, ಯಾಕೆ, ಸುಳ್ಳೇ ಎಂದು ಕೇಳಿದ್ದಕ್ಕೆ, ಮೊದಲು ಇನ್ನೊಬ್ಬನಿಗೆ ಹೇಳಬೇಕು, ಆಮೇಲೆ ನಿಮಗೆ ಅಂದ. ಮಾರನೆಯ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಅರಸೀಕೆರೆಯ ಬಸ್ಸು ಹತ್ತಿ, ಅಲ್ಲಿಂದ ಟೆಂಪೋ ಹಿಡಿದು ಹಾರನಹಳ್ಳಿಯಲ್ಲಿ ಇಳಿದರು.

ಮನೆ ರಸ್ತೆಯ ಪಕ್ಕದಲ್ಲೇ ಇತ್ತು. ಒಳಗೆ ಗೋಡೆಗೆ ಒರಗಿ ಕೂತಿದ್ದ ಜವರಪ್ಪ, ಹೆಜ್ಜೆಯ ಸದ್ದಿಗೆ ತಲೆ ಎತ್ತಿ ಹೆಂಡತಿಗೆ ಏನೋ ಅಂದ. ಹನುಮಮ್ಮ ಚೊಂಬಿನಲ್ಲಿ ನೀರು ತಂದಿಟ್ಟು, ಭೀಮಣ್ಣನ ಹೆಜ್ಜೆ ಥರ ಐತೆ, ಹೌದಾ ನೋಡು ಅಂತಾನೆ ಎಂದು ಮೀನಾಕ್ಷಿಗೆ ಹೇಳಿದಳು. ಎಲ್ಲವನ್ನೂ ಹೀಗೇ ಕೇಳುತ್ತಾನಂತೆ, ಕೋಳಿ ಕೂಗಿದರೂ ಕೂಗಿತಾ ಎಂದು ಅವಳನ್ನು ಕೇಳುತ್ತಾನಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು.

ಭೀಮರಾಜ ಜವರಪ್ಪನ ಎದುರಿಗೆ ನೆಲದ ಮೇಲೆ ಕೂತ. ಹನುಮಮ್ಮ ಚಾಪೆ ತಂದರೂ ಬೇಡವೆಂದ. ಬಸ್ಸಿನಲ್ಲಿ ಬರುವಾಗ ಅವನು ಮಾತುಗಳನ್ನು ಜೋಡಿಸಿಕೊಂಡಿದ್ದ, ಈಗ ಒಂದೂ ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ ಅವನ ಮನಸ್ಸಿನ ಒಂದು ಮೂಲೆಯಲ್ಲಿ ಇನ್ನೂ ಒಂದು ಆಸೆ ಕೂತಿತ್ತು. ಹೋಗ್ಲಿ ಬಿಡಣ್ಣ, ನಂಗೂ ಎಂಟೇ ಕೇಳಿಸ್ತು ಎಂದು ಜವರ ಅಂದುಬಿಡಲಿ ಎಂಬ ಆಸೆ.

"ಜವರ, ನಂಗೆ ಕಿವಿ ಕೇಳಲ್ಲ ಕಣೋ. ಆವತ್ತೂ ಕೇಳ್ತಿರ್ಲಿಲ್ಲ. ನಂಗೆ ತಿಳಿದಿದ್ದು ಏಳೇ. ಎಂಟು ಅಂತ ಸುಳ್ಳು ಹೇಳ್ದೆ."

ಹನುಮಮ್ಮ ಹಾಕಬೇಕೆಂದಿದ್ದ ಚಾಪೆ ಅವಳ ಕೈಯಲ್ಲೇ ಉಳಿಯಿತು. ಜವರಪ್ಪ ಕೈ ಚಾಚಿ ತಡಕಿ ಭೀಮರಾಜನ ಹೆಗಲು ಹುಡುಕಿಕೊಂಡ. ಯಾವ ಕಿವಿ ಒಸಿ ಕೇಳ್ತದೆ ಎಂದು ಕೇಳಿದ. ಮೀನಾಕ್ಷಿ ಬಲಗಿವಿ ಅಂದಳು. ಅವನು ಭೀಮರಾಜನ ತಲೆಯನ್ನು ಎಳೆದು, ಬಲಗಿವಿಗೆ ಬಾಯಿ ಹಚ್ಚಿದ.

"ನಾನೂ ಏಳೇ ಎಣಿಸಿದ್ದೆ ಕಣಣ್ಣ. ನೀನು ಎಂಟು ಅಂದೆ. ಮಿಲಿಟರಿ ಮನುಷ್ಯ, ನೀನು ತಪ್ತೀಯಾ? ನನ್ನ ಕಿವೀನೇ ಸರಿಗಿಲ್ಲ ಅಂದ್ಕೊಂಡೆ."

ಭೀಮರಾಜನಿಗೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಎರಡು ವರ್ಷ ಹಿಡಿದುಕೊಂಡಿದ್ದ ಆ ಒಂದು ಆಸರೆಯೂ ಹೋಯಿತು. ಜವರಪ್ಪ ಅವನ ತಲೆ ಬಿಡಲಿಲ್ಲ.

"ಪೊಲೀಸ್ನೋರಿಗೂ ಎಂಟು ಅಂದೆ, ಸಿಡಿದಿದ್ದು ತಳದಲ್ಲಿ ಉಳಿದ ಚೂರು ಅಂದಿದ್ದನ್ನೂ ನಂಬ್ದೆ. ಕಣ್ಣು ಹೋಯ್ತು, ಕಿವಿ ಐತಲ್ಲ, ನಡಿ ಓಡಾಡು ಅಂತಾರೆ ಎಲ್ಲ. ಏಳು ಯಾವ್ದು ಎಂಟು ಯಾವ್ದು ತಿಳೀದ ಕಿವಿ ನಂಬ್ಕೊಂಡು ರೋಡಿಗೆ ಹೆಂಗಣ್ಣ ಇಳೀಲಿ? ಎರಡು ವರ್ಷ ಈ ಗೋಡೆ ಬಿಟ್ಟು ಎದ್ದಿಲ್ಲ ನಾನು."

ಹನುಮಮ್ಮ ಚಾಪೆಯನ್ನು ಎಸೆದು ಹಿಂದಿನ ಬಾಗಿಲಿಗೆ ಹೋಗಿಬಿಟ್ಟಳು. ಮೀನಾಕ್ಷಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭೀಮರಾಜ ಜವರಪ್ಪನ ಮೊಣಕಾಲು ಹಿಡಿದುಕೊಂಡು ಅಳುತ್ತಿದ್ದ. ತನ್ನ ಅಳು ಎಷ್ಟು ಜೋರಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಕಣ್ಣು ಹೋಗಿದ್ದಕ್ಕೆ ನಿನ್ನ ಬೈಯಲ್ಲ," ಅಂದ ಜವರಪ್ಪ. "ಮದ್ದಿನ ಕೆಲ್ಸ, ಗೊತ್ತಿದ್ದೇ ಇಳಿದೋನು ನಾನು. ಎರಡು ವರ್ಷ ಯಾಕ್ ಹೇಳ್ಲಿಲ್ಲ? ಅದನ್ನ ಹೇಳು."

ಭೀಮರಾಜ ಬಾಯಿ ತೆರೆದ. ಕುರ್ಚಿ, ಜಗಲಿ, ಅಪ್ಪ, ಕರಿಬಸವಯ್ಯ, ಎಲ್ಲ ನಾಲಿಗೆಯ ತನಕ ಬಂದವು. ಈ ಮನುಷ್ಯನ ಮುಂದೆ ಅವುಗಳಲ್ಲಿ ಒಂದನ್ನೂ ಹೇಳುವಷ್ಟು ನಾಚಿಕೆಗೇಡಿ ಅವನಾಗಿರಲಿಲ್ಲ.

ಜವರಪ್ಪ ಗೋಡೆ ಹಿಡಿದು ಎದ್ದ. ಹೆಂಡತಿಯನ್ನು ಕರೆಯಲಿಲ್ಲ. ಮೀನಾಕ್ಷಿ ಕೈ ಕೊಡಲು ಹೋದರೆ ಸರಿಸಿದ. ಕಾಲಲ್ಲಿ ಹೊಸಲನ್ನು ಹುಡುಕಿ ದಾಟಿ, ಅಂಗಳದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ರಸ್ತೆಯ ತನಕ ಹೋದ. ಒಂದು ಲಾರಿ ಹಾದುಹೋಗುವ ತನಕ ನಿಂತ, ಒಂದು ಸೈಕಲ್ಲು ಹೋಗುವ ತನಕ ನಿಂತ. ಕತ್ತು ಓರೆ ಮಾಡಿ ಏನನ್ನೋ ಆಲಿಸುತ್ತಿದ್ದ. ಆಮೇಲೆ ಹಿಂದೆಯೇ ಬಂದಿದ್ದ ಭೀಮರಾಜನ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳಿದ.

"ಹಾಸನದ ಕಡೆಯಿಂದ ಬಸ್ಸು ಬತ್ತಾ ಐತೆ. ಹತ್ಕೊಂಡು ಹೋಗು. ಇನ್ನ ಬರಬೇಡ."

ಭೀಮರಾಜ ರಸ್ತೆಯ ಕಡೆ ನೋಡಿದ. ತಿರುವಿನ ತನಕ ಖಾಲಿ ಇತ್ತು, ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಜವರಪ್ಪ ಹೇಳಿದನೆಂದು ಮೀನಾಕ್ಷಿಯ ಕೈ ಹಿಡಿದು ರಸ್ತೆಯ ಅಂಚಿಗೆ ಹೋಗಿ ನಿಂತ.